ಮುಂದಿನ ಸಾಲೋ, ಮಿಕ್ಸರ್ ಪಕ್ಕವೋ, ಬಾಲ್ಕನಿಯೋ? ಲೈವ್ ಸಂಗೀತ ಕೇಳುವ ಜಾಗಗಳ ಹೋಲಿಕೆ

ಈವರೆಗೆ ಕೇಳಿದ ಲೈವ್ ಕಾರ್ಯಕ್ರಮಗಳಲ್ಲಿ ಯಾವುದು ಶ್ರೇಷ್ಠ ಎಂದರೆ ಎಲ್ಲರೂ ಕಲಾವಿದರ ಹೆಸರು ಹೇಳುತ್ತಾರೆ. ಅವತ್ತು ಎಲ್ಲಿ ನಿಂತಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ. ಅದೇ ತಂಡ, ಅದೇ ಹಾಡುಗಳು, ಅದೇ ಸ್ಪೀಕರ್‌ಗಳು. ನಿಂತ ಜಾಗ ಹತ್ತು ಮೀಟರ್ ಆಚೀಚೆ ಆದರೆ ಒಬ್ಬರಿಗೆ ವರ್ಷಗಟ್ಟಲೆ ಮಾಸದ ಸಂಜೆ, ಇನ್ನೊಬ್ಬರಿಗೆ ಎದೆಗೆ ಗುದ್ದಿದ ಡ್ರಮ್ಮಿನ ಹೊರತು ಮತ್ತೇನೂ ಇಲ್ಲ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ನಡೆದ ಬೀಟಲ್ಸ್ ಕಾರ್ಯಕ್ರಮ ಇದಕ್ಕೆ ದೊಡ್ಡ ಉದಾಹರಣೆ. ಸುಮಾರು 55,600 ಜನ ಸೇರಿದ್ದರು. ಗಿಟಾರ್‌ಗಳಿಗಿದ್ದದ್ದು 100 ವಾಟ್‌ನ ಆಂಪ್ಲಿಫೈಯರ್‌ಗಳು. ಆಟದ ನಡುವೆ ಘೋಷಣೆ ಕೂಗಲು ಹಾಕಿದ್ದ ಸ್ಪೀಕರ್‌ಗಳಲ್ಲೂ ಹಾಡುಗಾರಿಕೆ ಹೊರಟಿತು. ಜನರ ಕಿರುಚಾಟದ ಮುಂದೆ ಅದು ಯಾವ ಲೆಕ್ಕ? ವೇದಿಕೆಯ ಮೇಲಿದ್ದವರಿಗೇ ತಮ್ಮ ಹಾಡು ಸರಿಯಾಗಿ ಕೇಳಿಸಲಿಲ್ಲ. ಸಂಗೀತ ಕೇಳಲು ಅಂದು ಅಲ್ಲಿ ಒಳ್ಳೆಯ ಜಾಗ ಎಂಬುದೇ ಇರಲಿಲ್ಲ. ಈಗಿನ ವ್ಯವಸ್ಥೆಯಲ್ಲಿ ಒಳ್ಳೆಯ ಜಾಗ ಇರುತ್ತದೆ, ಆದರೆ ಎಲ್ಲ ಜಾಗವೂ ಒಳ್ಳೆಯದಲ್ಲ. ಕೆಳಗಿನ ತೀರ್ಪುಗಳು ಈ ಎಲ್ಲ ಕಡೆ ನಿಂತು, ಕೂತು ಕೇಳಿದ ಮೇಲಿನವು.

ಬ್ಯಾರಿಕೇಡಿಗೆ ಅಂಟಿಕೊಂಡ ಮೊದಲ ಸಾಲು

ನೋಡುವುದಕ್ಕೆ ಇದಕ್ಕಿಂತ ಮೇಲಾದ ಜಾಗವಿಲ್ಲ. ತಂತಿಯ ಮೇಲೆ ಬೆರಳು ಜಾರುವುದು, ಡ್ರಮ್ಮರ್ ಕಣ್ಣಲ್ಲೇ ಬೇಸ್ ನುಡಿಸುವವರಿಗೆ ಕೊಡುವ ಸೂಚನೆ, ಹಾಡುಗಾರರು ಸಾಲಿನ ಮುಂಚೆ ಎಳೆದುಕೊಳ್ಳುವ ಉಸಿರು, ಎಲ್ಲ ಕಾಣುತ್ತದೆ. ಕೇಳುವುದಕ್ಕೆ ಮಾತ್ರ ಇದು ಜೂಜು.

ಕಾರಣ ಸರಳ. ಮುಖ್ಯ ಸ್ಪೀಕರ್‌ಗಳನ್ನು ವೇದಿಕೆಯ ಎರಡೂ ಬದಿಗೆ ಎತ್ತರದಲ್ಲಿ ಸಾಲಾಗಿ ತೂಗುಹಾಕಿರುತ್ತಾರೆ. ಅವುಗಳ ಮುಖ ಇರುವುದು ಹಿಂದಿನ ಜನರ ಕಡೆಗೆ. ಮೊದಲ ಸಾಲಿನವರ ತಲೆಯ ಮೇಲಿಂದ ಶಬ್ದ ಹಾದುಹೋಗುತ್ತದೆ. ಅದನ್ನು ತುಂಬಲು ವೇದಿಕೆಯ ಅಂಚಿನಲ್ಲಿ ಪುಟ್ಟ ಸ್ಪೀಕರ್‌ಗಳನ್ನು ಇಡುತ್ತಾರೆ, ಅಂದರೆ ಇಟ್ಟಿರಬೇಕು. ಇಡದಿದ್ದರೆ ನಿಮಗೆ ಸಿಗುವುದು ಡ್ರಮ್ ಸೆಟ್‌ನ ನೇರ ಶಬ್ದ, ಎದುರಿಗಿರುವ ಗಿಟಾರ್ ಆಂಪ್, ಮತ್ತು ಎಲ್ಲೋ ದೂರದಿಂದ ಬಂದಂತಿರುವ ಹಾಡುಗಾರಿಕೆ. ತಂಡದವರೆಲ್ಲ ತಮ್ಮ ಹಾಡು ತಾವು ಕೇಳಿಸಿಕೊಳ್ಳಲು ಕಿವಿಯೊಳಗಿನ ಮಾನಿಟರ್ ಹಾಕಿಕೊಂಡು, ಗಿಟಾರನ್ನು ಆಂಪ್ ಇಲ್ಲದೆ ನೇರ, ಎಲ್ಲ ಶಬ್ದ ಬೆರೆಸುವ ಯಂತ್ರವಾದ ಮಿಕ್ಸರ್‌ಗೆ ಜೋಡಿಸಿದ್ದರಂತೂ ವೇದಿಕೆಯಿಂದ ಡ್ರಮ್ ಒಂದೇ ಹೊರಡುತ್ತದೆ. ಹಾಡೇ ಇಲ್ಲದ ಹಾಡು.

ಆದ್ದರಿಂದ ಒಳಗೆ ಹೋದ ಕೂಡಲೇ ಎರಡು ಸಂಗತಿ ನೋಡಿ. ಒಂದು, ವೇದಿಕೆಯ ಅಂಚಿನಲ್ಲಿ ಪುಟ್ಟ ಪೆಟ್ಟಿಗೆಗಳು ಎಲ್ಲೆಲ್ಲಿವೆ. ಅವುಗಳಲ್ಲೊಂದರ ಎದುರು, ಹಾಡುಗಾರರ ಮೈಕಿನಿಂದ 2–3 ಮೀಟರ್ ಬದಿಗೆ ನಿಲ್ಲಿ. ಇನ್ನೊಂದು, ನೆಲದ ಮೇಲೆ ಬೇಸ್ (ತಗ್ಗು ಸ್ವರ) ಹೊರಡಿಸುವ ದೊಡ್ಡ ಪೆಟ್ಟಿಗೆಗಳಾದ ಸಬ್‌ವೂಫರ್‌ಗಳು ಎಲ್ಲಿವೆ. ಬ್ಯಾರಿಕೇಡಿನ ಒಳಗೆ ಅವುಗಳನ್ನು ಸಾಲಾಗಿ ಜೋಡಿಸಿದ್ದರೆ ಮೊದಲ ಸಾಲು ಬಿಟ್ಟುಬಿಡಿ. ಒಂದೇ ಪೆಟ್ಟಿಗೆಯಿಂದ ಹೊರಡುವ ಶಬ್ದ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಪೆಟ್ಟಿಗೆಯಿಂದ 2 ಮೀಟರಿನಲ್ಲಿ ನಿಂತವರು 4 ಮೀಟರಿಗೆ ಸರಿದರೆ ಸಾಕು, ಕಿವಿಗೆ ಆ ವ್ಯತ್ಯಾಸ ದೊಡ್ಡದು.

ಮೈಗೂ ಇಲ್ಲಿ ಪರೀಕ್ಷೆ ಇದೆ. ಚದರ ಮೀಟರಿಗೆ 5 ಜನ ದಾಟಿದರೆ ಜಾಗ ಅಪಾಯದ ಕಡೆ ಹೊರಳುತ್ತದೆ. 7ರ ಹತ್ತಿರ ಬಂದರೆ ಗುಂಪು ನೀರಿನಂತೆ ಅಲೆಯತೊಡಗುತ್ತದೆ, ಒಬ್ಬೊಬ್ಬರ ಹೆಜ್ಜೆ ಅವರವರ ಹಿಡಿತದಲ್ಲಿ ಇರುವುದಿಲ್ಲ. ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ, ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಬಿದ್ದ ಫೋನಿಗೆ ಬಗ್ಗಬೇಡಿ. ಹೊರಬರಬೇಕಾದರೆ ನೂಕಿಗೆ ಎದುರಾಗಿ ಹೋಗದೆ, ಎರಡು ನೂಕುಗಳ ನಡುವಿನ ಬಿಡುವಿನಲ್ಲಿ ಓರೆಯಾಗಿ ಬದಿಗೆ ಜರುಗಿ. ನಾಲ್ಕು ಕಡೆಯಿಂದಲೂ ಬೇರೆಯವರ ಮೈ ತಾಗಿ, ಕೈ ಎತ್ತಿ ಮುಖ ಒರೆಸಿಕೊಳ್ಳಲೂ ಆಗದಿದ್ದರೆ ಅದೇ ಹೊರಡುವ ಹೊತ್ತು. ಇಷ್ಟದ ಹಾಡಿಗೆ ಕಾಯುತ್ತ ನಿಲ್ಲುವಂಥದ್ದಲ್ಲ.

ಮಿಕ್ಸರ್ ಪಕ್ಕ

ಸೌಂಡ್ ಎಂಜಿನಿಯರ್ ಯಾವ ಜಾಗದಲ್ಲಿ ಕೂತು ಫೇಡರ್ (ಶಬ್ದದ ಮಟ್ಟ ಬದಲಿಸುವ ಜಾರುಗುಂಡಿ) ಏರಿಸಿ ಇಳಿಸುತ್ತಾರೋ, ಆ ಜಾಗಕ್ಕೆ ಸರಿಹೊಂದುವ ಶಬ್ದವನ್ನೇ ಅವರು ಕಟ್ಟುತ್ತಾರೆ. ಆದ್ದರಿಂದ ಸ್ಪೀಕರ್ ಇರುವ ಕಾರ್ಯಕ್ರಮಗಳಲ್ಲಿ ಮಿಕ್ಸರ್ ಪಕ್ಕವೇ ಅತ್ಯುತ್ತಮ ಎಂಬ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ಮೂರು ತಕರಾರುಗಳಿವೆ.

ಮೊದಲನೆಯದು, ನಟ್ಟನಡುವಿನ ಬೇಸ್. ಎಡಕ್ಕೊಂದು ಬಲಕ್ಕೊಂದು ಸಬ್‌ವೂಫರ್ ರಾಶಿ ಇಟ್ಟಾಗ ಮಧ್ಯದ ಗೆರೆಯಲ್ಲಿ ಎರಡರ ಶಬ್ದವೂ ಒಟ್ಟಿಗೇ ತಲುಪಿ ಕೂಡಿಕೊಳ್ಳುತ್ತದೆ. ಬದಿಗೆ ಹೋದಂತೆ ಒಂದು ಮೊದಲು, ಒಂದು ತಡವಾಗಿ ಬಂದು ಒಂದನ್ನೊಂದು ಅಳಿಸತೊಡಗುತ್ತವೆ. ಲೆಕ್ಕ ಹಾಕಿ ನೋಡಿ. ರಾಶಿಗಳ ನಡುವೆ 12 ಮೀಟರ್ ಅಂತರ, ನೀವು 20 ಮೀಟರ್ ಹಿಂದೆ. 60 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 5.7 ಮೀಟರ್. ನಡುಗೆರೆಯಿಂದ 5 ಮೀಟರ್ ಬದಿಗೆ ನಿಂತರೆ ಎರಡು ರಾಶಿಗಳ ದೂರದಲ್ಲಿ 2.8 ಮೀಟರ್ ವ್ಯತ್ಯಾಸ ಬರುತ್ತದೆ, ಅಂದರೆ ಅರ್ಧ ಅಲೆ. ಅಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಹೊಟ್ಟೆಯೇ ಖಾಲಿ. ಪಕ್ಕದಲ್ಲಿದ್ದವರು "ಬೇಸ್ ಜಾಸ್ತಿಯಾಯಿತು" ಎನ್ನುವಾಗಲೇ ನಿಮಗೆ ಬೇಸ್ ಇಲ್ಲವೇ ಇಲ್ಲ ಅನಿಸುವುದು ಇದರಿಂದಲೇ, ಇಬ್ಬರೂ ಸರಿ. ಒಂದು ಹಾಡಿನ ಉದ್ದಕ್ಕೂ ನಿಧಾನವಾಗಿ ಅಡ್ಡ ನಡೆದು ನೋಡಿ, ಬೇಸ್ ಏರುವುದೂ ಇಳಿಯುವುದೂ ಗೊತ್ತಾಗುತ್ತದೆ. ನಡುಗೆರೆಯಿಂದ ಒಂದೂವರೆ, ಎರಡು ಮೀಟರ್ ಬದಿಗೆ ನಿಂತಾಗ ಹದ ಚೆನ್ನಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಸಬ್‌ಗಳನ್ನು ವೇದಿಕೆಯ ಉದ್ದಕ್ಕೂ ಒಂದೇ ಸಾಲಾಗಿ ಹರಡಿದ್ದರೆ ಈ ತೊಂದರೆ ಬಹುಪಾಲು ಇರುವುದಿಲ್ಲ.

ಎರಡನೆಯದು, ಮಿಕ್ಸರ್ ಇಟ್ಟಿರುವ ಜಾಗವೇ ಕೆಟ್ಟದಾಗಿರುವುದು. ಕೆಲವು ಸಭಾಂಗಣಗಳಲ್ಲಿ ಟಿಕೆಟ್ ಸೀಟು ಉಳಿಸಲು ಎಂಜಿನಿಯರನ್ನು ಬಾಲ್ಕನಿಯ ಕೆಳಗೆ ಹಿಂದಿನ ಮೂಲೆಗೆ ತಳ್ಳಿರುತ್ತಾರೆ. ಅಲ್ಲಿ ಟ್ರೆಬಲ್ (ಮೇಲಿನ ಆವರ್ತನದ ಶಬ್ದ) ಕಡಿಮೆ, ಗೋಡೆಯ ಬೇಸ್ ಹೆಚ್ಚು. ಅನುಭವಿಗಳು ಹೆಡ್‌ಫೋನ್ ತೆಗೆದು ಆಗಾಗ ಮುಂದೆ ನಡೆದು ಕೇಳಿ ಬರುತ್ತಾರೆ. ಕೂತಲ್ಲೇ ಕೂತವರು ಟ್ರೆಬಲ್ ಏರಿಸುತ್ತಲೇ ಹೋಗಿ ಮುಂದಿನವರ ಕಿವಿ ಕೊರೆಯುತ್ತಾರೆ. ಎಂಜಿನಿಯರ್ ಎದ್ದು ಓಡಾಡುತ್ತಿದ್ದರೆ ಶುಭಸೂಚನೆ ಎಂದೇ ತಿಳಿಯಿರಿ.

ಮೂರನೆಯದು ಚಿಕ್ಕದು, ಆದರೆ ತಲೆ ತಿನ್ನುವಂಥದ್ದು: ಹಿಂದೆ ನಿಂತು ಹರಟುವವರು. ಮಿಕ್ಸರ್ ಡೆಸ್ಕಿನ ಹಿಂಬದಿಗಿಂತ ಅದರ ಮುಂದೆ, ಕಟಕಟೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಂದಿನಿಂದ ಯಾರೂ ನೂಕುವುದಿಲ್ಲ, ಡೆಸ್ಕಿನ ಮೇಲಿನ ಡೇರೆಯ ಅಡ್ಡಿಯೂ ಇರುವುದಿಲ್ಲ.

ಎಡ–ಬಲದ ಹರವು ಸರಿಯಾಗಿ ಕೇಳಬೇಕೆಂದಿದ್ದರೆ ದೂರಕ್ಕೂ ಒಂದು ಅಳತೆ ಇದೆ. ಎರಡು ಸ್ಪೀಕರ್ ಸಾಲುಗಳ ನಡುವಿನ ಅಂತರ ಎಷ್ಟೋ ಅಷ್ಟರಿಂದ ಅದರ ಒಂದೂವರೆ ಪಟ್ಟಿನವರೆಗೆ ಹಿಂದೆ. ಅದಕ್ಕಿಂತ ಮುಂದೆ ಹೋದರೆ ನಡುವೆ ತೂತು, ಹಿಂದೆ ಹೋದರೆ ಎಲ್ಲ ಒಂದೇ ಮುದ್ದೆ.

ಬಯಲಿನ ದೊಡ್ಡ ಕಾರ್ಯಕ್ರಮದಲ್ಲಿ ಹಿಂದೆ

ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್. ವೇದಿಕೆಯಿಂದ 60 ಮೀಟರ್ ದೂರದಲ್ಲಿ ನಿಂತವರಿಗೆ ಡ್ರಮ್ಮರ್ ಕೋಲು ಬಿದ್ದ 175 ಮಿಲಿಸೆಕೆಂಡ್ ನಂತರ ಏಟು ಕೇಳುತ್ತದೆ. ಪರದೆಯ ಮೇಲಿನ ತುಟಿಗೂ ಹಾಡಿಗೂ ಹೊಂದಿಕೆಯಾಗದೆ ಕಿರಿಕಿರಿ ಆಗುವುದೂ, ಜನರ ಚಪ್ಪಾಳೆ ಮುಂದಿನಿಂದ ಹಿಂದಕ್ಕೆ ಅಲೆಯಾಗಿ ಸರಿಯುವುದೂ ಇದರಿಂದ. ದೂರದವರಿಗಾಗಿ ನಡುವೆ ನಿಲ್ಲಿಸುವ ಸ್ಪೀಕರ್ ಗೋಪುರಕ್ಕೆ ಅಷ್ಟೇ ವಿಳಂಬ ಕೊಟ್ಟಿರುತ್ತಾರೆ. ಗೋಪುರದ ಮುಂದೆ 10–15 ಮೀಟರ್ ದಾಟಿ ನಿಂತರೆ ಮಾತು ಸ್ಪಷ್ಟ. ಎರಡು ಗೋಪುರಗಳ ನಡುವೆ, ಅವುಗಳ ಬದಿಗೆ ನಿಂತರೆ ಒಂದೇ ಪದ ಎರಡು ಸಲ ಬರುತ್ತದೆ: ಎರಡು ಶಬ್ದಗಳ ನಡುವೆ ಸುಮಾರು 30–40 ಮಿಲಿಸೆಕೆಂಡ್‌ವರೆಗೂ ಕಿವಿ ಅವನ್ನು ಒಂದಾಗಿಯೇ ಹಿಡಿಯುತ್ತದೆ, ಅದು ದಾಟಿದರೆ ಪ್ರತಿಧ್ವನಿ.

ಹವೆಯೂ ಆಟ ಆಡುತ್ತದೆ. ಬಿಸಿಲಲ್ಲಿ ನೆಲದ ಬಳಿಯ ಗಾಳಿ ಕಾದು ಶಬ್ದ ಮೇಲಕ್ಕೆ ಬಾಗುತ್ತದೆ, ಹಿಂದಿನವರಿಗೆ ಸಪ್ಪೆಯಾಗುತ್ತದೆ. ಸೂರ್ಯ ಮುಳುಗಿ ನೆಲ ತಣಿದ ಮೇಲೆ ಅದೇ ಶಬ್ದ ಕೆಳಕ್ಕೆ ಬಾಗಿ ದೂರದವರೆಗೂ ತಲುಪುತ್ತದೆ. ಗಾಳಿ ಅಡ್ಡ ಬೀಸಿದರೆ ಟ್ರೆಬಲ್ ಬಂದು ಹೋಗಿ ಮಾಡುತ್ತದೆ. ಅದಕ್ಕೆ ಎಂಜಿನಿಯರನ್ನು ಬೈದು ಪ್ರಯೋಜನವಿಲ್ಲ. ಮಧ್ಯಾಹ್ನದ ತಂಡಗಳನ್ನು ಮುಂದೆ ನಿಂತು, ರಾತ್ರಿಯ ತಂಡವನ್ನು ಹಿಂದೆ ನಿಂತು ಕೇಳುವುದು ಜಾಣತನ.

ಬಾಲ್ಕನಿ

ಮೊದಲ ಬಾಲ್ಕನಿಯ ಮೊದಲ ಸಾಲಿನ ಬಗ್ಗೆ ಜನರಿಗೆ ಏನೋ ತಾತ್ಸಾರ. ಕುಳಿತು ಕೇಳುವವರ ಜಾಗವಂತೆ! ಆದರೆ ಬ್ಯಾರಿಕೇಡಿನ ಮೊದಲ ಸಾಲು ಬಿಟ್ಟರೆ ಮುಂದಿನವರ ತಲೆಯ ಅಡ್ಡಿ ಇಲ್ಲದ ಜಾಗ ಸಭಾಂಗಣದಲ್ಲಿ ಇದೊಂದೇ. ಡ್ರಮ್ ಸೆಟ್ಟಿನ ಜೋಡಿ ತಟ್ಟೆಯಾದ ಹೈ-ಹ್ಯಾಟ್, ಹಾಡಿನ ವ್ಯಂಜನಾಕ್ಷರಗಳು, ಪಿಟೀಲಿನ ಬಿಲ್ಲಿನ ಕರಕರ, ಇವೆಲ್ಲ ಮೇಲಿನ ಆವರ್ತನದವು; ಎದುರಿಗೆ ಎತ್ತರದವರೊಬ್ಬರು ನಿಂತರೆ ಸಾಕು, ಮಸುಕಾಗುತ್ತವೆ. ಬಾಲ್ಕನಿ ಅಂಚಿನಲ್ಲಿ ಸಾಹಿತ್ಯ ಪದಪದವಾಗಿ ಸಿಗುತ್ತದೆ. ಕಳೆದುಕೊಳ್ಳುವುದು ಎದೆಗೆ ಬಡಿಯುವ ಬೇಸ್. ಸಬ್‌ಗಳು ನೆಲದ ಮೇಲಿರುವಾಗ ಆ ಗುದ್ದು ಮೇಲಕ್ಕೆ ಅಷ್ಟಾಗಿ ಬರುವುದಿಲ್ಲ. ಕುಣಿಯಲೆಂದೇ ಹೋಗುವ ಸಂಗೀತಕ್ಕೆ ಅದು ದೊಡ್ಡ ನಷ್ಟ, ಸಾಹಿತ್ಯಕ್ಕಾಗಿ ಹೋಗುವವರಿಗೆ ನಷ್ಟವೇ ಅಲ್ಲ.

ಬಾಲ್ಕನಿಯ ಕೆಳಗಿನ ಸೀಟುಗಳ ಕತೆ ಬೇರೆ. ಚಾವಣಿ ಎಷ್ಟು ಎತ್ತರದಲ್ಲಿ ಶುರುವಾಗುತ್ತದೋ ಅದಕ್ಕಿಂತ ಒಳಗೆ ಹೋದಷ್ಟೂ ಶಬ್ದ ಮುಚ್ಚಿದ ಪೆಟ್ಟಿಗೆಯೊಳಗಿಂದ ಬಂದಂತಾಗುತ್ತದೆ. ಬಾಲ್ಕನಿಯ ಕೆಳಅಂಚು ನೆಲದಿಂದ 4 ಮೀಟರ್ ಇದ್ದರೆ ಒಳಗೆ 4 ಮೀಟರಿನವರೆಗಿನ ಸೀಟು ಪರವಾಗಿಲ್ಲ, ಅದರಾಚೆ ಟಿಕೆಟ್ ತೆಗೆಯಬೇಡಿ. ಹಿಂಗೋಡೆಗೆ ಒರಗಿ ನಿಲ್ಲುವುದೂ ಬೇಡ. ಗೋಡೆಯ ಬಳಿ ಬೇಸ್ 6 ಡೆಸಿಬಲ್‌ವರೆಗೂ ಉಬ್ಬಬಹುದು. ಎರಡು ಹೆಜ್ಜೆ ಮುಂದೆ ಬಂದರೆ ಗುಂಯ್‌ಗುಡುವುದು ತಗ್ಗುತ್ತದೆ. ವೇದಿಕೆಯ ಪಕ್ಕದ ದುಬಾರಿ ವಿಶೇಷ ಕಟ್ಟೆಗಳ ಬಗ್ಗೆ ಹೇಳುವುದೇನಿಲ್ಲ: ಒಂದೇ ಬದಿಯ ಸ್ಪೀಕರ್, ಕಲಾವಿದರ ಒಂದೇ ಕಿವಿ.

ಮೈಕ್ ಇಲ್ಲದ ಸಂಗೀತ

ಇಲ್ಲಿ ಮೇಲಿನ ಲೆಕ್ಕವೆಲ್ಲ ತಿರುಗಿ ಬೀಳುತ್ತದೆ. ಸ್ಪೀಕರ್ ಇಲ್ಲದಾಗ ಸಭಾಂಗಣವೇ ವಾದ್ಯದ ಅರ್ಧ. ವಿಯೆನ್ನಾದ ಮೂಸಿಕ್‌ಫೆರೈನ್ (1870), ಬಾಸ್ಟನ್ನಿನ ಸಿಂಫನಿ ಹಾಲ್ (1900) ಇವೆರಡೂ ಉದ್ದನೆಯ, ಅಗಲ ಕಡಿಮೆಯ, ಎತ್ತರದ ಪೆಟ್ಟಿಗೆಗಳು. ಜನ ತುಂಬಿದಾಗ ಅನುರಣನ (ಶಬ್ದ ನಿಂತ ಮೇಲೂ ಉಳಿಯುವ ಗುಂಜನ) ಎರಡು ಸೆಕೆಂಡಿನ ಆಸುಪಾಸು. ಬದಿಯ ಗೋಡೆಗಳು ಹತ್ತಿರವಿರುವುದರಿಂದ ಶಬ್ದ ಅವಕ್ಕೆ ತಾಗಿ ಬೇಗ ಕಿವಿಗೆ ಮರಳುತ್ತದೆ, ಸಂಗೀತ ನಮ್ಮನ್ನು ಸುತ್ತುವರಿದಂತೆ ಅನಿಸುವುದು ಅದರಿಂದ. ಇಂಥ ಪೆಟ್ಟಿಗೆಯಲ್ಲಿ ಮೊದಲ ಐದಾರು ಸಾಲು ದುಂದು: ಪಿಟೀಲುಗಳು ಮಾತ್ರ ಜೋರು, ಅವುಗಳ ಹಿಂದೆ ಕೂತ ಕೊಳಲು, ಓಬೋದಂಥ ಊದುವ ವಾದ್ಯಗಳಿಗೆ ಪಿಟೀಲಿನವರ ಮೈಗಳೇ ಗೋಡೆ. ಹಿಂದಿನ ಮೇಲಿನ ಬಾಲ್ಕನಿಯ ಅಗ್ಗದ ಸೀಟಿನಲ್ಲಿ ಎಲ್ಲ ವಾದ್ಯ ಬೆರೆತು ಬರುತ್ತದೆ. ನೋಟ ದೂರ, ಆದರೆ ನಾದ ಇಡಿಯಾದದ್ದು.

1963ರಲ್ಲಿ ತೆರೆದ ಬರ್ಲಿನ್ ಫಿಲ್‌ಹಾರ್ಮನಿಯಲ್ಲಿ ವಾಸ್ತುಶಿಲ್ಪಿ ಹಾನ್ಸ್ ಶಾರೂನ್ ಕೇಳುಗರನ್ನು ವಾದ್ಯವೃಂದದ ಸುತ್ತ ಕೂರಿಸಿದರು. ಈ ಮಾದರಿಯ ಸಭಾಂಗಣಗಳಲ್ಲಿ ವೃಂದದ ಹಿಂದಿನ ಸೀಟಿಗೊಂದು ಸೊಗಸಿದೆ: ನಿರ್ದೇಶಕರ ಮುಖ ಕಾಣುತ್ತದೆ, ತಾಳವಾದ್ಯ ಕೈಗೆಟುಕುವಷ್ಟು ಹತ್ತಿರ. ಫ್ರೆಂಚ್ ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಅದು ಎಲ್ಲರನ್ನೂ ಮೀರಿ ಕೇಳುತ್ತದೆ. ಆದರೆ ಹಾಡುಗಾರರಿರುವ ದಿನ ಅಲ್ಲಿ ಕೂರಬೇಡಿ. ದನಿಯ ಮೇಲಿನ ಆವರ್ತನ ಮುಂದಕ್ಕಷ್ಟೇ ಹೋಗುತ್ತದೆ. ಹಿಂದೆ ಸ್ವರ ಸಿಗುತ್ತದೆ, ಪದ ಸಿಗುವುದಿಲ್ಲ. ಪಿಯಾನೋ ಇದ್ದರೆ ಬೆರಳು ನೋಡುವವರಿಗೆ ವೇದಿಕೆಗೆ ಎದುರಾಗಿ ಕೂತಾಗ ಬರುವ ಎಡಭಾಗ, ಮುಚ್ಚಳಕ್ಕೆ ತಾಗಿ ಹೊರಡುವ ನಾದ ಬೇಕಾದವರಿಗೆ ನಡುವಿನಿಂದ ಸ್ವಲ್ಪ ಬಲ.

ದೊಡ್ಡದೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಸಾಕ್ಷಿ. 1871ರಲ್ಲಿ ತೆರೆದಾಗಿನಿಂದಲೂ ಅದರ ಗುಮ್ಮಟದ ಪ್ರತಿಧ್ವನಿ ಕುಖ್ಯಾತ. ಅದನ್ನು ತಗ್ಗಿಸಲು 1969ರಲ್ಲಿ ಅಣಬೆಯಾಕಾರದ ತಟ್ಟೆಗಳನ್ನು ಚಾವಣಿಯಿಂದ ತೂಗುಹಾಕಬೇಕಾಯಿತು.

ಇಯರ್‌ಪ್ಲಗ್: ಸ್ಪಂಜಿನದೋ, ಫಿಲ್ಟರ್ ಇರುವುದೋ

ಜಾಗ ಎಷ್ಟೇ ಒಳ್ಳೆಯದಾದರೂ ಕಿವಿ ದಣಿದರೆ ಎರಡನೆಯ ಗಂಟೆಯ ಸಂಗೀತ ನೆನಪಿಗೆ ಬರುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್ ಅಳತೆಯಂತೆ 85 ಡೆಸಿಬಲ್ ಎಂಟು ಗಂಟೆ ತಡೆಯಬಹುದು. 3 ಡೆಸಿಬಲ್ ಏರಿದಾಗಲೆಲ್ಲ ಅವಧಿ ಅರ್ಧ. ಹಾಗಾಗಿ 100 ಡೆಸಿಬಲ್‌ಗೆ ಸಿಗುವುದು ಹದಿನೈದೇ ನಿಮಿಷ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಾರ್ಯಕ್ರಮದ ಜಾಗಗಳಿಗೆ ಸರಾಸರಿ 100 ಡೆಸಿಬಲ್ ಮಿತಿ ಸೂಚಿಸಿತು. ಅಷ್ಟರಲ್ಲೇ ಇದ್ದರೂ ಎರಡು ಗಂಟೆಯ ಕಾರ್ಯಕ್ರಮಕ್ಕೆ ರಕ್ಷಣೆ ಬೇಕೇ ಬೇಕು.

ಸ್ಪಂಜಿನ ಪ್ಲಗ್ ಹೆಚ್ಚು ತಡೆಯುತ್ತದೆ, ಆದರೆ ಟ್ರೆಬಲ್ಲನ್ನು ಬೇಸ್‌ಗಿಂತ ಹೆಚ್ಚು ನುಂಗಿ ಸಂಗೀತಕ್ಕೆ ಕಂಬಳಿ ಹೊದಿಸುತ್ತದೆ. ಸಬ್‌ವೂಫರ್ ಹತ್ತಿರ ಸಿಕ್ಕಿಕೊಂಡವರಿಗೆ ಮಾತ್ರ ಅದು. ಉಳಿದೆಡೆ ಎಲ್ಲ ಆವರ್ತನವನ್ನೂ ಸರಿಸುಮಾರು ಸಮನಾಗಿ 15–20 ಡೆಸಿಬಲ್ ಇಳಿಸುವ ಫಿಲ್ಟರ್ ಪ್ಲಗ್ ಮೇಲು. ಸಾಹಿತ್ಯ ಇನ್ನೂ ಸ್ಪಷ್ಟವಾಗುವುದೂ ಉಂಟು. ಸ್ಪಂಜಿನದನ್ನು ಹಾಕುವವರಲ್ಲಿ ಬಹುಪಾಲು ಮಂದಿ ಅರ್ಧ ತೂರಿಸಿ ಬಿಡುತ್ತಾರೆ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ಸೇರಿಸಿ, ಉಬ್ಬುವವರೆಗೆ ಇಪ್ಪತ್ತು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತಿದ್ದರೆ ನಿಮ್ಮದೇ ಮಾತು ತಲೆಯೊಳಗೆ ಗುಂಯ್ ಎನ್ನುತ್ತದೆ. ಮುದುರಿದ ಟಿಶ್ಯೂ ಕಾಗದ ಲೆಕ್ಕಕ್ಕಿಲ್ಲ.

ನೆನಪಿಗೆ ಏನು ಹಿಡಿಯಬೇಕು

ಫೋನ್ ವಿಡಿಯೋ ಕಾರ್ಯಕ್ರಮದ ಅತ್ಯಂತ ಕಳಪೆ ದಾಖಲೆ. ಮಾತಿಗೆಂದು ಮಾಡಿದ ಪುಟ್ಟ ಮೈಕ್, ಜೋರಾದಾಗ ತಾನೇ ಮಟ್ಟ ಇಳಿಸುತ್ತದೆ, ಮೆಲ್ಲಗಾದಾಗ ಏರಿಸುತ್ತದೆ. ಕಿಕ್ ಬಿದ್ದಾಗಲೆಲ್ಲ ಹಾಡು ಹಿಂದೆ ಜಾರಿ ಮತ್ತೆ ಉಬ್ಬುತ್ತದೆ. ಕೈಯಲ್ಲಿ ಹಿಡಿಯುವ ರೆಕಾರ್ಡರ್ ಇದಕ್ಕಿಂತ ಎಷ್ಟೋ ವಾಸಿ, ಆಯೋಜಕರ ಒಪ್ಪಿಗೆ ಇದ್ದರೆ. ಸ್ವಯಂಚಾಲಿತ ಮಟ್ಟ ಆಫ್ ಮಾಡಿ, 24 ಬಿಟ್‌ನಲ್ಲಿ, ಜೋರಾದ ಗಳಿಗೆಗಳು ಯಂತ್ರದ ಮಾಪಕದಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ ಇಡಿ. ಮೊದಲ ಹಾಡಿಗಿಂತ ಕೊನೆಯದು ಜೋರು ಇದ್ದೇ ಇರುತ್ತದೆ, ಅದಕ್ಕೂ ಜಾಗ ಬಿಡಬೇಕು. 32 ಬಿಟ್ ಫ್ಲೋಟ್ ಯಂತ್ರಗಳಲ್ಲಿ ಮಟ್ಟದ ಚಿಂತೆ ಇಲ್ಲ ಎನ್ನುತ್ತಾರೆ. ಮೈಕಿನ ಪೊರೆಯೇ ಶಬ್ದ ತಡೆಯಲಾರದೆ ಒಡಕಾದರೆ ಯಾವ ಬಿಟ್ಟೂ ಉಳಿಸುವುದಿಲ್ಲ.

ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಸಂಗೀತದ್ದಲ್ಲ, ವಸ್ತುಸಂಗ್ರಹಾಲಯದ್ದು. ಆದರೂ ಇಲ್ಲಿಗೆ ಹೊಂದುತ್ತದೆ. ಫೋಟೋ ತೆಗೆದ ವಸ್ತುಗಳಿಗಿಂತ ಬರಿಗಣ್ಣಲ್ಲಿ ನೋಡಿದವು ಜನರ ನೆನಪಿನಲ್ಲಿ ಚೆನ್ನಾಗಿ ಉಳಿದಿದ್ದವು. ಒಂದು ಭಾಗವನ್ನೇ ಹತ್ತಿರಕ್ಕೆ ಎಳೆದು ತೆಗೆದಾಗ ಆ ನಷ್ಟ ಕಾಣಲಿಲ್ಲ. ಹಾಗಾಗಿ ತೆಗೆಯಲೇಬೇಕೆಂದಿದ್ದರೆ ಇಡೀ ಹಾಡು ಬೇಡ, ಒಂದು ಕೈ, ಒಂದು ತಿರುವು, ಇಪ್ಪತ್ತು ಸೆಕೆಂಡ್. ಹಾಡುಗಳ ಕ್ರಮವನ್ನು ಹೊರಬಂದ ಒಂದು ಗಂಟೆಯೊಳಗೆ ಬರೆದುಕೊಂಡರೆ ವಿಡಿಯೋಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ಮತ್ತು ಕೊನೆಯ ಹಾಡು ಹೇಗೂ ನೆನಪಿರುತ್ತವೆ, ನಡುವಿನವೇ ಜಾರಿಹೋಗುವುದು.

ಒಂದೇ ಟಿಕೆಟಿನಲ್ಲಿ ಎರಡು ಜಾಗ

ನಿಂತು ಕೇಳುವ ಕಾರ್ಯಕ್ರಮವಾದರೆ ಒಂದೇ ಜಾಗಕ್ಕೆ ಅಂಟಿಕೊಳ್ಳಬೇಕಿಲ್ಲ. ಶಬ್ದ ಪರೀಕ್ಷೆ ಮಾಡಿದ್ದು ಖಾಲಿ ಸಭಾಂಗಣದಲ್ಲಿ; ಜನ ತುಂಬಿದ ಮೇಲೆ ಮೈ, ಬಟ್ಟೆಗಳೆಲ್ಲ ಶಬ್ದ ಹೀರಿ ಮೇಲಿನ ಆವರ್ತನ ಇಳಿಯುತ್ತದೆ. ಎಂಜಿನಿಯರ್ ಅದನ್ನು ಸರಿಪಡಿಸುವುದು ಮೊದಲ ಎರಡು ಮೂರು ಹಾಡುಗಳಲ್ಲಿ. ಆ ಹೊತ್ತು ಮುಂದೆ ಇದ್ದು ಮುಖಗಳನ್ನು ನೋಡಿ, ಮಿಶ್ರಣ ಹದಕ್ಕೆ ಬಂದ ಮೇಲೆ ಮಿಕ್ಸರ್ ಮುಂದಕ್ಕೆ ಸರಿಯಿರಿ. ಮುಂದಿನಿಂದ ಹಿಂದಕ್ಕೆ ಬರುವುದು ಸುಲಭ, ತಿರುಗಿ ಹೋಗುವುದು ಕಷ್ಟ. ಕೊನೆಯ ಹಾಡಿಗೆ ಮತ್ತೆ ಮುಂದೆ ಬೇಕೆನಿಸಿದರೆ ನಡುವಿನಿಂದ ನುಗ್ಗಬೇಡಿ. ಬದಿಯ ಗೋಡೆಗುಂಟ ಹೋಗಿ, ಸ್ಪೀಕರ್ ಸಾಲು ದಾಟಿದ ಮೇಲೆ ಒಳಕ್ಕೆ ತಿರುಗಿ. ಆ ಮೂಲೆಯಲ್ಲಿ ಬೇಸ್ ಅಸಹ್ಯ, ಹಾಗಾಗಿ ಜನ ಕಡಿಮೆ, ದಾರಿ ಸಿಗುತ್ತದೆ. ಪ್ಲಗ್ ಮಾತ್ರ ಕಿವಿಯಲ್ಲೇ ಇರಲಿ.